ಬೇಕಲ ಮಾತ್ರ ಅಲ್ಲ ಮಾರಾಯ್ರೆ: ಕಾಸರಗೋಡಿನ ಒಳಗಿನ ಜಾಗ ನೋಡುದು ಹೇಗೆ, ಸಮಗ್ರ ಗೈಡ್

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಕಾಸರಗೋಡಿಗೆ ಬರುವವರದ್ದು ಹೆಚ್ಚುಕಡಿಮೆ ಒಂದೇ ರೂಟು. ಮಂಗಳೂರಿಗೆ ಬಂದು ಕಾರು ಮಾಡಿ ಸೀದಾ ಬೇಕಲ ಕೋಟೆ, ಬುರುಜಿನ ಮೇಲೆ ನಾಲ್ಕು ಫೋಟೋ, ಬೀಚಲ್ಲಿ ಒಂದು ಎಳನೀರು, ಸಂಜೆಗೆ ವಾಪಸ್. ಬೇಕಲ ಚಂದ ಉಂಟು, ಅದರಲ್ಲಿ ಎರಡು ಮಾತಿಲ್ಲ. ಸುಮಾರು 40 ಎಕರೆಯ ಕೋಟೆ, ಕೇರಳದಲ್ಲಿ ಅಷ್ಟು ದೊಡ್ಡದು ಇನ್ನೊಂದಿಲ್ಲ, ಅದನ್ನು ಕಟ್ಟಿಸಿದ್ದು ನಮ್ಮ ಕೆಳದಿಯ ಶಿವಪ್ಪ ನಾಯಕ. ಆದ್ರೆ ಬೇಕಲಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೂ ಬಲಕ್ಕೂ ಎಷ್ಟು ಜಾಗ ಬಿಟ್ಟು ಹೋಗ್ತೀರಿ ಅಂತ ಲೆಕ್ಕ ಹಾಕಿದ್ರೆ ಇಲ್ಲಿಯವರಿಗೆ ಬೇಜಾರಾಗ್ತದೆ, ಅದಕ್ಕೇ ಇದನ್ನು ಬರೀತಿದ್ದೇನೆ.

ಮೊದಲೇ ಒಂದು ವಿಷಯ. ಕಾಸರಗೋಡಿನಲ್ಲಿ ಜಾಗಕ್ಕಿಂತ ಹೊತ್ತು ಮುಖ್ಯ. ಮಧ್ಯಾಹ್ನ ಹೋದ್ರೆ ದೇವಸ್ಥಾನದ ಬಾಗಿಲು ಹಾಕಿರ್ತದೆ, ಜೂನ್‌ನಲ್ಲಿ ಬಂದ್ರೆ ಬಯಲಾಟ ಇಲ್ಲ, ಏಪ್ರಿಲ್‌ನಲ್ಲಿ ಗುಡ್ಡ ಹತ್ತಿದ್ರೆ ಒಣಹುಲ್ಲು ಬಿಟ್ಟು ಬೇರೆಂತದೂ ಕಾಣುದಿಲ್ಲ. ಆದ್ದರಿಂದ ಪಟ್ಟಿ ಹಿಡ್ಕೊಂಡು ಟಿಕ್ ಹಾಕುತ್ತಾ ಹೋಗ್ಬೇಡಿ. ಮೊದಲು ತಿಂಗಳು ನೋಡಿ, ಆಮೇಲೆ ಗಂಟೆ ನೋಡಿ, ಕೊನೆಗೆ ಜಾಗ ಆರಿಸಿ. ಕೆಳಗಿನ ಹಂತಗಳು ಇರುವುದೂ ಅದೇ ಕ್ರಮದಲ್ಲಿ.

ಹಂತ 1: ಯಾವ ತಿಂಗಳು ಬರ್ತೀರಿ ಅಂತ ನಿರ್ಧಾರ ಮಾಡಿ

ಯಕ್ಷಗಾನ, ಭೂತಕೋಲ, ತೆಯ್ಯಂ (ಕೋಲದ ಹಾಗೆಯೇ ದೈವದ ವೇಷ ಕಟ್ಟಿ ಮಾಡುವ ಮಲಯಾಳಿಗಳ ಆರಾಧನೆ) ನೋಡ್ಬೇಕು ಅಂತಿದ್ರೆ ನವೆಂಬರ್‌ನಿಂದ ಮೇ ನಡುವೆ ಬನ್ನಿ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಡ್ತವೆ, ಪತ್ತನಾಜೆಗೆ, ಅಂದ್ರೆ ಮೇ ಕೊನೆಯ ವಾರದ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತಾರೆ. ತೆಯ್ಯಂ ಸೀಸನ್ ಶುರುವಾಗುದು ಮಲಯಾಳಿಗಳ ತುಲಾ ತಿಂಗಳ ಹತ್ತಕ್ಕೆ, ಅಕ್ಟೋಬರ್ ಕೊನೆಗೆ. ಚಂದ್ರಗಿರಿ ಹೊಳೆಯಿಂದ ದಕ್ಷಿಣಕ್ಕೆ ಹೋದಷ್ಟೂ ತೆಯ್ಯಂ ಜಾಸ್ತಿ, ಉತ್ತರಕ್ಕೆ ಬಂದಷ್ಟೂ ಕೋಲ, ನೇಮ. ಹೊಳೆಯ ಈಚೆ ತುಳುನಾಡು, ಆಚೆ ಕೋಲತ್ತುನಾಡು ಅಂತ ಹಿಂದಿನಿಂದಲೂ ಹೇಳ್ತಾರಲ್ಲ, ಅದು ಪುಸ್ತಕದ ಮಾತಲ್ಲ, ಕಣ್ಣಿಗೇ ಕಾಣುವ ವಿಷಯ.

ಹಸಿರು ಬೇಕು, ಜಲಪಾತ ಬೇಕು, ಮಳೆ ಬಂದ್ರೆ ತೊಂದರೆ ಇಲ್ಲ ಅನ್ನುವವರು ಆಗಸ್ಟ್ ಕೊನೆ, ಸೆಪ್ಟೆಂಬರ್‌ಗೆ ಬನ್ನಿ. ಆಗ ಇಲ್ಲಿಯ ಕೆಂಪುಕಲ್ಲಿನ ಪಾರೆಗಳ ಮೇಲೆ ಸಣ್ಣ ಸಣ್ಣ ಹೂವು ಎದ್ದು ನಿಲ್ತದೆ, ನೀಲಿ, ಬಿಳಿ, ನೇರಳೆ. ಹುಳ ಹಿಡಿದು ತಿನ್ನುವ ಗಿಡಗಳೂ ಅದರ ನಡುವೆ ಉಂಟು, ಮೊಣಕಾಲೂರಿ ನೋಡಿದ್ರೆ ಮಾತ್ರ ಕಾಣ್ತದೆ. ಬೇಸಿಗೆಯಲ್ಲಿ ಅದೇ ಪಾರೆ ಕಾದ ಕಾವಲಿ ಹಾಗೆ ಆಗ್ತದೆ, ಅಲ್ಲಿ ಹೂವಿತ್ತು ಅಂದ್ರೆ ಯಾರೂ ನಂಬುದಿಲ್ಲ.

ಜೂನ್, ಜುಲೈ ಬೇಡವೇ ಬೇಡ. ಮಳೆ ಅಂದ್ರೆ ನಿಮ್ಮ ಕಡೆಯ ಮಳೆ ಅಲ್ಲ ಇದು.

ಹಂತ 2: ಬರುದು ಹೇಗೆ, ಉಳಿಯುದು ಎಲ್ಲಿ

ಬೆಂಗಳೂರಿನಿಂದ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಮಂಗಳೂರು ಸೆಂಟ್ರಲ್ ಮೇಲೆ ಬರ್ತದೆ, ಬೆಳಿಗ್ಗೆ ಕಾಸರಗೋಡಲ್ಲಿ ಇಳೀಬಹುದು. ಮಂಗಳೂರಿನಿಂದಾದ್ರೆ ಸುಮಾರು 50 ಕಿಲೋಮೀಟರ್, ಕರ್ನಾಟಕದ ಬಸ್ಸೂ ಉಂಟು ಕೇರಳದ ಬಸ್ಸೂ ಉಂಟು. ಆದ್ರೆ ನನ್ನ ವೋಟು ಲೋಕಲ್ ರೈಲಿಗೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಕೋಟಿಕುಳಂ, ಬೇಕಲ ಫೋರ್ಟ್, ಕಾಞಂಗಾಡು, ನೀಲೇಶ್ವರ, ಹೀಗೆ ಒಂದೇ ಗೆರೆಯಲ್ಲಿ ಸ್ಟೇಷನ್ ಸಿಗ್ತವೆ, ನಡುವೆ ಹೊಳೆಗಳು, ಕೆಲವು ಕಡೆ ಸಮುದ್ರವೂ ಕಾಣ್ತದೆ. ಈ ಜಿಲ್ಲೆಯಲ್ಲಿ ಹನ್ನೆರಡು ಹೊಳೆ ಅಂತ ಲೆಕ್ಕ, ರೈಲಿನ ಬಾಗಿಲ ಹತ್ತಿರ ಕೂತ್ರೆ ಅದರಲ್ಲಿ ಸುಮಾರು ನೋಡಿ ಆಯ್ತು. ಎಕ್ಸ್‌ಪ್ರೆಸ್ ಗಾಡಿಗಳೆಲ್ಲ ಸಣ್ಣ ಸ್ಟೇಷನ್‌ಗಳಲ್ಲಿ ನಿಲ್ಲುದಿಲ್ಲ, ಅದನ್ನೊಂದು ಆ್ಯಪ್‌ನಲ್ಲಿ ನೋಡಿ ಹತ್ತಿ.

ಕಾರಲ್ಲೇ ಬರ್ತೇವೆ ಅನ್ನುವವರಿಗೆ ಒಂದು ಐಡಿಯಾ. ಎಲ್ಲರೂ ಮಂಗಳೂರಿನ ಮೇಲೆ ಬರ್ತಾರೆ, ನೀವು ಕೊಡಗಿನ ಮೇಲೆ ಬನ್ನಿ. ಭಾಗಮಂಡಲದಿಂದ ಕರಿಕೆಗೆ ಇಳಿದು ಪಾಣತ್ತೂರಿಗೆ ಬಂದ್ರೆ ಸೀದಾ ರಾಣಿಪುರದ ಬುಡದಲ್ಲಿ ಇರ್ತೀರಿ. ರಸ್ತೆ ಅಗಲ ಕಿರಿದು, ತಿರುವು ಜಾಸ್ತಿ, ಮಳೆಗಾಲದಲ್ಲಿ ಮಣ್ಣು ಕುಸಿಯುದೂ ಉಂಟು, ಹಾಗಾಗಿ ಹಗಲಲ್ಲಿ ಮಾತ್ರ, ಡ್ರೈವಿಂಗ್ ಕೈ ಕುಳಿತವರು ಮಾತ್ರ. ಆದ್ರೆ ಆ ಕಾಡಿನ ದಾರಿ ಇದೆಯಲ್ಲ, ಅದೇ ಒಂದು ಟ್ರಿಪ್ಪಿಗೆ ಸಮ.

ಉಳಿಯಲಿಕ್ಕೆ ಬೇಕಲದ ರೆಸಾರ್ಟೇ ಆಗ್ಬೇಕು ಅಂತಿಲ್ಲ. ಮೊದಲ ಎರಡು ರಾತ್ರಿ ಕಾಸರಗೋಡು ಪೇಟೆಯ ಲಾಡ್ಜಲ್ಲಿ ಇರಿ, ಬಸ್‌ಸ್ಟ್ಯಾಂಡ್ ಹತ್ತಿರವೇ ಸಾಕಷ್ಟು ಉಂಟು, ಅಲ್ಲಿಂದ ಕುಂಬಳೆ, ಮಧೂರು, ಬದಿಯಡ್ಕ, ಮುಳ್ಳೇರಿಯ ಯಾವ ಕಡೆಗೂ ಬಸ್ಸಿಗೆ ಬರಗಾಲ ಇಲ್ಲ. ಮೂರನೇ ರಾತ್ರಿ ಕಾಞಂಗಾಡು ಕಡೆ ಶಿಫ್ಟ್ ಆಗಿ.

ಮ್ಯಾಪ್ ಬಗ್ಗೆ ಒಂದು ಎಚ್ಚರಿಕೆ. ಕಾಞಂಗಾಡನ್ನು ಹಳೆಯ ಕನ್ನಡಿಗರು ಹೊಸದುರ್ಗ ಅಂತಾರೆ, ಅದನ್ನೇ ಫೋನಲ್ಲಿ ಹೊಡೆದ್ರೆ ನಿಮ್ಮನ್ನು ಚಿತ್ರದುರ್ಗ ಜಿಲ್ಲೆಗೆ ಕರ್ಕೊಂಡು ಹೋಗ್ತದೆ. ಇಲ್ಲಿಯ ಊರಿನ ಹೆಸರುಗಳಿಗೆ ಕನ್ನಡದ ಒಂದು ರೂಪ, ಮಲಯಾಳದ ಒಂದು ರೂಪ, ರೈಲ್ವೆಯವರದ್ದು ಮತ್ತೊಂದು, ಹಾಗಾಗಿ ಒಂದು ರೂಪದಲ್ಲಿ ಸಿಗದಿದ್ರೆ ಇನ್ನೊಂದರಲ್ಲಿ ಹುಡುಕಿ.

ಭಾಷೆ ಬಗ್ಗೆ ತಲೆಬಿಸಿ ಬೇಡ. ಕಾಸರಗೋಡಿನಿಂದ ಉತ್ತರಕ್ಕೆ, ಒಳಗೆ ಬದಿಯಡ್ಕ, ಪೆರ್ಲ, ಬಾಯಾರು ಕಡೆ ಕನ್ನಡ ಆರಾಮಾಗಿ ನಡೀತದೆ. 1956ರಲ್ಲಿ ರಾಜ್ಯಗಳು ಭಾಗ ಆಗುವವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆಯದ್ದೇ ತಾಲೂಕು, ಪ್ರತ್ಯೇಕ ಜಿಲ್ಲೆ ಆದದ್ದು 1984ರಲ್ಲಿ. ರಿಕ್ಷಾದವರಲ್ಲಿ ಕನ್ನಡದಲ್ಲೇ ಮಾತಾಡಿ, ಅಣ್ಣ ಅಂತ ಕರೀರಿ, ಅವರು ಮಲಯಾಳದಲ್ಲಿ ಉತ್ತರ ಕೊಟ್ರೂ ಕೈ ತೋರಿಸಿ ದಾರಿ ಹೇಳ್ತಾರೆ. ಚಂದ್ರಗಿರಿ ದಾಟಿದ ಮೇಲೆ ನಾಲ್ಕು ಮಲಯಾಳ ಶಬ್ದ ಗೊತ್ತಿದ್ರೆ ಒಳ್ಳೇದು.

ಹಂತ 3: ಮೊದಲ ದಿನ ಬೆಳಿಗ್ಗೆ ಅನಂತಪುರ, ಆಮೇಲೆ ಕುಂಬಳೆ

ಬೆಳಿಗ್ಗೆ ಏಳು, ಏಳೂವರೆಗೆ ಕುಂಬಳೆಯಲ್ಲಿ ಇರುವ ಹಾಗೆ ಹೊರಡಿ. ಅಲ್ಲಿಂದ ಬದಿಯಡ್ಕ ರಸ್ತೆಯಲ್ಲಿ ನಾಯ್ಕಾಪು ಅಂತ ಸಿಗ್ತದೆ, ಅಲ್ಲಿ ಬಲಕ್ಕೆ ತಿರುಗಿ ಒಳಗೆ ಹೋದ್ರೆ ಅನಂತಪುರ ಸರೋವರ ಕ್ಷೇತ್ರ, ಕುಂಬಳೆಯಿಂದ ಒಟ್ಟು ಐದಾರು ಕಿಲೋಮೀಟರ್. ರಿಕ್ಷಾ ಮಾಡುದು ಸುಲಭ.

ದೂರದಿಂದ ನೋಡುವಾಗ ಎಂತದೂ ಕಾಣುದಿಲ್ಲ, ಬರೀ ಬೋಳು ಪಾರೆ. ಹತ್ತಿರ ಹೋಗಿ ಕೆಳಗೆ ಇಣುಕಿದಾಗ ಗೊತ್ತಾಗುದು, ಕೆಂಪುಕಲ್ಲಿನ ನಡುವೆ ಎರಡೆಕರೆಯಷ್ಟು ಅಗಲದ ಕೆರೆ, ಕೆರೆಯ ನಟ್ಟನಡುವೆ ಗರ್ಭಗುಡಿ, ಹೋಗಲಿಕ್ಕೆ ಒಂದು ಕಾಲುಸಂಕ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನ ಅಂತ ನಂಬಿಕೆ. ಬಿಲ್ವಮಂಗಲ ಸ್ವಾಮಿಗಳು ಇಲ್ಲಿ ತಪಸ್ಸು ಮಾಡ್ತಿದ್ದಾಗ ಬಾಲಕನ ರೂಪದಲ್ಲಿ ಬಂದ ದೇವರು ಅವರ ಮೇಲೆ ಮುನಿಸಿಕೊಂಡು ಗುಹೆಯೊಳಗೆ ಮಾಯ ಆದ, ಸ್ವಾಮಿಗಳು ಹಿಂದೆಯೇ ಹೋದ್ರು ಅಂತ ಕಥೆ, ಆ ಗುಹೆಯನ್ನು ಈಗಲೂ ಕೆರೆಯ ಮೂಲೆಯಲ್ಲಿ ತೋರಿಸ್ತಾರೆ. ಇಲ್ಲಿಯ ಮೂಲ ಮೂರ್ತಿ ಕಡುಶರ್ಕರ ಪಾಕದ್ದು, ಕಲ್ಲೂ ಅಲ್ಲ ಲೋಹವೂ ಅಲ್ಲ, ಹತ್ತಾರು ಬಗೆಯ ಮೂಲಿಕೆ, ಅಂಟು, ಮಣ್ಣು ಸೇರಿಸಿ ಮಾಡುವ ಹಳೆಯ ವಿಧಾನ. ಗರ್ಭಗುಡಿಯ ಗೋಡೆಯ ಹಳೆಯ ಚಿತ್ರಗಳನ್ನು, ಮಂಟಪದ ಮರದ ಕೆತ್ತನೆಯನ್ನು ತಲೆಯೆತ್ತಿ ನೋಡಿ, ಹೆಚ್ಚಿನವರು ಮೊಸಳೆ ಹುಡುಕುತ್ತಾ ಅದನ್ನು ಬಿಟ್ಟೇಬಿಡ್ತಾರೆ.

ಹೌದು, ಮೊಸಳೆ. ಬಬಿಯಾ ಅಂತ ಒಂದು ಇತ್ತು, ನೈವೇದ್ಯದ ಅನ್ನ ತಿಂತಿತ್ತು, ಯಾರಿಗೂ ಉಪದ್ರ ಮಾಡಿದ್ದಿಲ್ಲ ಅಂತ ಊರವರು ಹೇಳ್ತಾರೆ. ಅದು 2022ರ ಅಕ್ಟೋಬರ್ 9ರಂದು ತೀರಿಹೋಯ್ತು, ಮನುಷ್ಯರಿಗೆ ಸೇರುವ ಹಾಗೆ ಜನ ಸೇರಿ ಅಂತಿಮ ದರ್ಶನ ಮಾಡಿದ್ರು. 2023ರ ನವೆಂಬರಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಸಣ್ಣ ಮೊಸಳೆ ಕಾಣಿಸಿಕೊಂಡಿತು. ಕಂಡ್ರೆ ನಿಮ್ಮ ಅದೃಷ್ಟ, ಕಾಣ್ಲಿಲ್ಲ ಅಂತ ಕೆರೆಗೆ ಕಲ್ಲು ಬಿಸಾಡ್ಬೇಡಿ ಮಾತ್ರ.

ಇಲ್ಲಿ ಮಾತ್ರ ಅಲ್ಲ, ಹೆಚ್ಚಿನ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗ್ಬೇಕು. ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಬಾಗಿಲು ಹಾಕಿದ್ರೆ ಮತ್ತೆ ತೆರೆಯುದು ಸಂಜೆ ಐದರ ಹೊತ್ತಿಗೆ. ಒಂದು ಪಂಚೆ ಬ್ಯಾಗಲ್ಲಿ ಇಟ್ಕೊಳ್ಳಿ.

ವಾಪಸ್ ಕುಂಬಳೆಗೆ ಬಂದು ಕಣಿಪುರ ಗೋಪಾಲಕೃಷ್ಣ ದೇವಸ್ಥಾನ ನೋಡಿ. ಯಕ್ಷಗಾನದ ಗಂಧ ಗೊತ್ತಿರುವವರಿಗೆ ಇದು ಹೇಳ್ಬೇಕಾಗಿಲ್ಲ, ತೆಂಕುತಿಟ್ಟಿನ, ಅಂದ್ರೆ ಯಕ್ಷಗಾನದ ದಕ್ಷಿಣದ ಶೈಲಿಯ, ಪಿತಾಮಹ ಅಂತ ಕರೆಸಿಕೊಂಡ ಪಾರ್ತಿಸುಬ್ಬನ ಊರು ಇದು. ಜನವರಿ ಮಧ್ಯದಲ್ಲಿ ಇಲ್ಲಿಯ ಜಾತ್ರೆ, ಕುಂಬಳೆ ಬೆಡಿ ಅಂತ ಹೆಸರುವಾಸಿ, ಆ ರಾತ್ರಿ ಪಟಾಕಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ನಿಲ್ಲುವವರೂ ಜಾಗ ಬಿಟ್ಟು ಕದಲುದಿಲ್ಲ. ಹೈವೇ ಬದಿಯ ಆರಿಕ್ಕಾಡಿ ಕೋಟೆ ಹತ್ತಿರವೇ, ಕಾಲು ಗಂಟೆ ಸಾಕು.

ಸಂಜೆ ಮಧೂರು. ಇದನ್ನು ಕಡಿಮೆ ಗೊತ್ತಿರುವ ಜಾಗ ಅಂದ್ರೆ ಊರಿನವರು ಬೈತಾರೆ, ಆದ್ರೆ ಘಟ್ಟದ ಮೇಲಿನವರಿಗೆ ಈಗಲೂ ಅಷ್ಟು ಪರಿಚಯ ಇಲ್ಲ. ಕಾಸರಗೋಡಿನಿಂದ ಏಳೆಂಟು ಕಿಲೋಮೀಟರ್, ಮಧುವಾಹಿನಿ ಹೊಳೆಯ ಬದಿಯಲ್ಲೇ ದೇವಸ್ಥಾನ, ಆನೆಯ ಬೆನ್ನಿನ ಆಕಾರದ ಮೂರು ನೆಲೆಯ ಗರ್ಭಗುಡಿ. ಮೂಲ ದೇವರು ಮದನಂತೇಶ್ವರ, ಅಂದ್ರೆ ಶಿವ, ಆದ್ರೆ ಹೆಸರು ಗಳಿಸಿದ್ದು ಗಣಪತಿ. ಪೂಜೆಗೆ ಬಂದವರ ಮಗು ಗೋಡೆಯಲ್ಲಿ ಬಿಡಿಸಿದ ಗಣಪತಿಯ ಚಿತ್ರ ದಿನದಿನಕ್ಕೆ ಉಬ್ಬುತ್ತಾ ಬಂತು ಅಂತ ಐತಿಹ್ಯ, ಭಕ್ತರು ಪ್ರೀತಿಯಿಂದ ಬೊಡ್ಡಜ್ಜ ಅಂತಾರೆ. ಟಿಪ್ಪು ದಂಡೆತ್ತಿ ಬಂದವನು ಇಲ್ಲಿಯ ಬಾವಿ ನೀರು ಕುಡಿದು ಮನಸ್ಸು ಬದಲಾಯಿಸಿ, ಗುರುತಿಗೆ ಒಂದು ಕತ್ತಿ ಏಟು ಮಾತ್ರ ಹಾಕಿ ಹೋದ ಅಂತ ಆ ಗುರುತನ್ನೂ ತೋರಿಸ್ತಾರೆ. ಅಪ್ಪ ಪ್ರಸಾದ ತಗೊಳ್ಳದೆ ಬರ್ಬೇಡಿ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ತುಪ್ಪ ಬೆಲ್ಲದ ಪರಿಮಳ ಬೆರಳಲ್ಲಿ ರಾತ್ರಿವರೆಗೂ ಇರ್ತದೆ.

ಹಂತ 4: ಎರಡನೇ ದಿನ ಒಳನಾಡು, ಅಂದ್ರೆ ಎಡನೀರು, ಬೇಳ ಮತ್ತು ಸುರಂಗ

ಇಡೀ ಗೈಡಲ್ಲಿ ನನಗೆ ಅತಿ ಇಷ್ಟದ ದಿನ ಇದು, ಟೂರಿಸ್ಟ್ ಬಸ್ಸು ಬಾರದ ಏರಿಯಾ ಕೂಡ ಇದೇ.

ಚೆರ್ಕಳದಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಲ್ಲಿ ಎಡನೀರು. ಮಠ ನೋಡಲಿಕ್ಕೆ ಸಾದಾ, ದೊಡ್ಡ ಗೋಪುರ ಗೀಪುರ ಇಲ್ಲ. ಆದ್ರೆ ಕಾನೂನು ಓದಿದ ಯಾರನ್ನಾದ್ರೂ ಕೇಳಿ, ಕೇಶವಾನಂದ ಭಾರತಿ ಅಂದ ಕೂಡಲೇ ಎದ್ದು ಕೂರ್ತಾರೆ. ಕೇರಳದ ಭೂಸುಧಾರಣೆ ಕಾಯ್ದೆಯಲ್ಲಿ ಮಠದ ಜಾಗ ಹೋಗ್ತದೆ ಅಂತ ಈ ಮಠದ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದ್ರು, ಹದಿಮೂರು ಜನ ನ್ಯಾಯಾಧೀಶರು ಕೂತು 68 ದಿವಸ ವಾದ ಕೇಳಿ 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ ತೀರ್ಪು ಕೊಟ್ಟರು. ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಆದ್ರೆ ಅದರ ಮೂಲ ಸ್ವರೂಪವನ್ನು ಬದಲಾಯಿಸುವ ಹಾಗಿಲ್ಲ ಅಂತ. ದೇಶದ ಎಷ್ಟೋ ದೊಡ್ಡ ಕೇಸುಗಳಲ್ಲಿ ಇವತ್ತಿಗೂ ಎತ್ತುವ ಹೆಸರು ಈ ಸಣ್ಣ ಊರಿನ ಸ್ವಾಮೀಜಿಯದ್ದು. ಸ್ವಾಮೀಜಿಗೆ ಯಕ್ಷಗಾನದ, ಸಂಗೀತದ ಮೇಲೆ ಜೀವ, ಅವರು 2020ರ ಸೆಪ್ಟೆಂಬರ್ 6ರಂದು ತೀರಿಹೋದ್ರು. ಮಠದ ಅಂಗಳದಲ್ಲಿ ಹತ್ತು ನಿಮಿಷ ಕೂತು ಬನ್ನಿ, ಚಾತುರ್ಮಾಸ್ಯದ ಸಮಯದಲ್ಲಿ ಬಂದ್ರೆ ತಾಳಮದ್ದಳೆಯೋ ಸಂಗೀತವೋ ಏನಾದ್ರೂ ಒಂದು ನಡೀತಿರ್ತದೆ.

ಬದಿಯಡ್ಕದಿಂದ ಕುಂಬಳೆ ಕಡೆಗೆ ಸ್ವಲ್ಪ ಹಿಂದೆ ಬಂದ್ರೆ ಬೇಳದ ಇಗರ್ಜಿ, ಗಾಥಿಕ್ ಶೈಲಿಯದ್ದು. ತೋಟ, ಗುಡ್ಡದ ನಡುವೆ ಅಂಥ ಕಟ್ಟಡ ಎದ್ದು ನಿಂತದ್ದು ನೋಡಿದ್ರೆ ಒಂದು ಕ್ಷಣ ಎಲ್ಲಿದ್ದೇವೆ ಅಂತ ಮರೆತುಹೋಗ್ತದೆ. ಬದಿಯಡ್ಕದ ಹತ್ತಿರದ ಪೆರಡಾಲ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಊರು, ಕಾಸರಗೋಡು ಕನ್ನಡಕ್ಕೇ ಸೇರ್ಬೇಕು ಅಂತ ಕೊನೆಯವರೆಗೆ ಹಟ ಹಿಡಿದವರು, ನೂರು ವರ್ಷ ತುಂಬಿಸಿ 2015ರಲ್ಲಿ ಹೋದ್ರು.

ಈಗ ಸುರಂಗ. ಪೆರ್ಲ, ಶೇಣಿ, ಪಡ್ರೆ, ಬಾಯಾರು, ಪೈವಳಿಕೆ, ಈ ಕಡೆಯ ಗುಡ್ಡಗಳ ಹೊಟ್ಟೆಯಲ್ಲಿ ಸಾವಿರಾರು ಸುರಂಗ ಉಂಟು. ನಿಧಿಗೆ ತೋಡಿದ್ದಲ್ಲ, ನೀರಿಗೆ. ಬಾವಿ ತೋಡಿದ್ರೆ ಕೆಳಗೆ ಕಲ್ಲು ಸಿಗುವ ಜಾಗ, ಪಂಪು ಕರೆಂಟು ಇಲ್ಲದ ಕಾಲ, ಆಗ ಇಲ್ಲಿಯವರು ಗುಡ್ಡಕ್ಕೆ ಅಡ್ಡವಾಗಿ ತೋಡ್ತಾ ಹೋದ್ರು. ಒಬ್ಬ ಮನುಷ್ಯ ನಿಂತು ಹೋಗುವಷ್ಟು ಎತ್ತರ, ಭುಜ ಎರಡೂ ಕಡೆ ತಾಗುವಷ್ಟು ಅಗಲ. ಒಬ್ಬ ಪಿಕ್ಕಾಸಿನಲ್ಲಿ ಅಗೀತಾನೆ, ಇನ್ನೊಬ್ಬ ಮಣ್ಣು ಹೊರಗೆ ಹಾಕ್ತಾನೆ, ಉದ್ದದ ಅಳತೆ ಕೋಲಿನ ಲೆಕ್ಕದಲ್ಲಿ. ಕೆಲವು ಹತ್ತಿಪ್ಪತ್ತು ಅಡಿಯಲ್ಲೇ ನೀರು ಕೊಡ್ತವೆ, ಕೆಲವು ಇನ್ನೂರು ಮುನ್ನೂರು ಮೀಟರ್ ಒಳಗೆ ಹೋದ್ರೂ ಇಲ್ಲ. ಒಳಗೆ ಗಾಳಿ ಉಂಟಾ ಇಲ್ಲವಾ ಅಂತ ನೋಡಲಿಕ್ಕೆ ಮೊಂಬತ್ತಿ ಇಡುದು, ಅದು ನಂದಿದ್ರೆ ಕೆಲಸ ನಿಲ್ಲಿಸಿ ಹೊರಗೆ ಬರುದು.

ನೆಲ ಒಳಗಿನಿಂದ ಬಾಯಿಯ ಕಡೆಗೆ ಚೂರೇ ಚೂರು ಇಳಿಜಾರು ಇರ್ತದೆ. ಒಳಗೆ ಒರತೆಯಲ್ಲಿ ಜಿನುಗಿದ ನೀರನ್ನು ಸಣ್ಣ ಮಣ್ಣಿನ ಕಟ್ಟ ಹಾಕಿ ನಿಲ್ಲಿಸ್ತಾರೆ, ಅಲ್ಲಿಂದ ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಈಗ ಪಿವಿಸಿ ಪೈಪಲ್ಲಿ, ಅಂಗಳದ ಟ್ಯಾಂಕಿಗೆ ಬಂದು ಬೀಳ್ತದೆ. ಕರೆಂಟ್ ಬಿಲ್ ಸೊನ್ನೆ. ಏಪ್ರಿಲ್ ತಿಂಗಳ ಉರಿಬಿಸಿಲಲ್ಲಿ ಅಡಿಕೆ ತೋಟದ ನಡುವೆ ಒಂದು ಸುರಂಗದ ಬಾಯಿಗೆ ಮುಖ ಇಟ್ಟು ನಿಂತು ನೋಡಿ, ಒಳಗಿನಿಂದ ತಣ್ಣನೆ ಗಾಳಿ ಬರ್ತದೆ, ಹೆಬ್ಬೆರಳು ದಪ್ಪದ ನೀರು ನಿಲ್ಲದೆ ಬೀಳುದು ಕೇಳ್ತದೆ, ಕಲ್ಲಿನ ಸಂದಿಯಲ್ಲಿ ಜರಿಗಿಡ ಹಸಿರಾಗಿ ನಿಂತಿರ್ತದೆ.

ಇದನ್ನು ನೋಡುದು ಹೇಗೆ ಅಂದ್ರೆ, ಬೋರ್ಡು ಇಲ್ಲ, ಟಿಕೆಟ್ ಇಲ್ಲ, ಎಲ್ಲ ಯಾರದ್ದೋ ಮನೆಯ ಹಿತ್ತಲು. ಪೆರ್ಲದಲ್ಲೋ ಬಾಯಾರಿನಲ್ಲೋ ಇಳಿದು ಒಂದು ಹೋಟೆಲಲ್ಲಿ ಚಾ ಕುಡಿಯುತ್ತಾ "ಅಣ್ಣ, ಇಲ್ಲಿ ಹತ್ತಿರ ಸುರಂಗ ನೋಡ್ಲಿಕ್ಕೆ ಉಂಟಾ" ಅಂತ ಕೇಳಿ. ಯಾರಾದ್ರೂ ಒಬ್ಬರು ಕರ್ಕೊಂಡು ಹೋಗ್ತಾರೆ, ಇಲ್ಲದಿದ್ರೆ ಮನೆ ತೋರಿಸ್ತಾರೆ. ಮನೆಯವರ ಒಪ್ಪಿಗೆ ಇಲ್ಲದೆ ತೋಟಕ್ಕೆ ಕಾಲಿಡ್ಬೇಡಿ, ಅವರು ಹೇಳಿದ್ರೂ ಗುರುತಿಲ್ಲದ ಹಳೆಯ ಸುರಂಗದ ಒಳಗೆ ನುಗ್ಗಬೇಡಿ. ಬಾವಲಿ ಇರ್ತದೆ, ಹಾವಿರ್ತದೆ, ಮಣ್ಣು ಕುಸಿಯುದೂ ಉಂಟು. ಬಾಯಿಯಲ್ಲೇ ನಿಂತು ಟಾರ್ಚ್ ಬಿಟ್ಟು ನೋಡಿದ್ರೆ ಸಾಕು. ಕುಡಿಯಲಿಕ್ಕೆ ನೀರು ಬೆಲ್ಲ ಕೊಟ್ರೆ ಬೇಡ ಅನ್ನಬೇಡಿ, ದುಡ್ಡು ಕೊಡಲಿಕ್ಕೆ ಹೋಗ್ಬೇಡಿ, ಅವರಿಗೆ ಬೇಸರ ಆಗ್ತದೆ, ಮನೆಯಲ್ಲಿ ಮಾರಲಿಕ್ಕೆ ಹಲಸಿನ ಹಪ್ಪಳವೋ ಜೇನೋ ಇದ್ರೆ ತಗೊಳ್ಳಿ.

ಇನ್ನೊಂದು ಮಾತು ಹೇಳಲೇಬೇಕು. ಇದೇ ಪಡ್ರೆ, ಎಣ್ಮಕಜೆ ಕಡೆ ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಹೊಡೆದದ್ದು, 2000ದ ಹೊತ್ತಿಗೆ ನಿಂತದ್ದು. ಅದರ ಪೆಟ್ಟು ತಿಂದ ಮನೆಗಳು ಇವತ್ತಿಗೂ ಉಂಟು. ಕ್ಯಾಮೆರಾ ಹಿಡ್ಕೊಂಡು ಅಂಥ ಮನೆ ಹುಡುಕಿಕೊಂಡು ಹೋಗುವವರನ್ನು ಕಂಡ್ರೆ ಊರವರಿಗೆ ಆಗುದಿಲ್ಲ, ಅದು ನ್ಯಾಯವೇ.

ಹೊತ್ತು ಉಳಿದ್ರೆ ಸಂಜೆಗೆ ಪೊಸಡಿ ಗುಂಪೆ. ಬಂದ್ಯೋಡಿನಿಂದ ಪೆರ್ಮುದೆ ಮೇಲೆ ಧರ್ಮತ್ತಡ್ಕಕ್ಕೆ ಬಂದು ಅಲ್ಲಿಂದ ಹತ್ತುದು, ಸುಮಾರು ಸಾವಿರ ಅಡಿ ಎತ್ತರದ ಹುಲ್ಲಿನ ಗುಡ್ಡ. ಆಕಾಶ ತಿಳಿ ಇದ್ರೆ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಕುದುರೆಮುಖದ ಸಾಲು. ಮೇಲೆ ಅಂಗಡಿ ಗಿಂಗಡಿ ನಂಬಿಕೊಂಡು ಹೋಗ್ಬೇಡಿ, ನೀರು ತಗೊಂಡೇ ಹತ್ತಿ. ಪ್ಲಾಸ್ಟಿಕ್ ಬಾಟ್ಲಿ ಅಲ್ಲೇ ಬಿಸಾಡಿ ಬರುವವರು ದಯವಿಟ್ಟು ಬೇಕಲಕ್ಕೇ ಹೋಗಿ.

ಹಂತ 5: ಮಂಜೇಶ್ವರಕ್ಕೆ ಅರ್ಧ ದಿನ

ಮಂಗಳೂರಿಗೆ ಹೋಗುವಾಗಲೋ ಬರುವಾಗಲೋ ಹೊಂದಿಸಿಕೊಳ್ಳಿ. ಮೊದಲ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಇಲ್ಲಿ ಸ್ಮಾರಕ ಆಗಿದೆ, ಗಿಳಿವಿಂಡು ಅಂತ ಹೆಸರು. 1949ರಲ್ಲಿ ಆ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ, ಆಗ ನಾವು ಅಲ್ಲಿಯವರೇ ಅಲ್ವಾ. ಬಂಗ್ರಮಂಜೇಶ್ವರದಲ್ಲಿ ಹಳೆಯ ಜೈನ ಬಸದಿ ಉಂಟು, ಕೊಂಕಣಿಗರ ಅನಂತೇಶ್ವರ ದೇವಸ್ಥಾನದ ಷಷ್ಠಿ ದೊಡ್ಡ ಜಾತ್ರೆ. ಉದ್ಯಾವರದ ಮಾಡದ (ದೈವಸ್ಥಾನದ) ದೈವಗಳ ಕಡೆಯವರು ಜಾತ್ರೆಗೆ ಮೊದಲು ಸಾವಿರ ಜಮಾಅತ್ ಅನ್ನುವ ಮಸೀದಿಗೆ ಹೋಗಿ ಕರೆಯುವ ಕ್ರಮ ಈಗಲೂ ನಡ್ಕೊಂಡು ಬಂದಿದೆ, ಆ ದಿವಸ ನೀವು ಅಲ್ಲಿದ್ರೆ ಬಿಡ್ಬೇಡಿ.

ಹಂತ 6: ಮೂರನೇ ದಿನ ಚಂದ್ರಗಿರಿ ದಾಟಿ ದಕ್ಷಿಣಕ್ಕೆ

ಬೆಳಿಗ್ಗೆ ತಳಂಗರೆಯ ಮಾಲಿಕ್ ದೀನಾರ್ ಮಸೀದಿಯಿಂದ ಶುರು ಮಾಡಿ, ಪೇಟೆಯಿಂದ ಹತ್ತಿರ. ಇಲ್ಲಿಯ ಬಿಳಿ ಟೊಪ್ಪಿಗೆ ಒಂದು ಕಾಲದಲ್ಲಿ ದೇಶ ದಾಟಿ ಹೋಗ್ತಿತ್ತು. ಅಲ್ಲಿಂದ ಸೇತುವೆ ದಾಟಿ ಚಂದ್ರಗಿರಿ ಕೋಟೆ. ಬೇಕಲಕ್ಕೆ ಹೋಗುವ ರಸ್ತೆಯಲ್ಲೇ ಮೇಲ್ಪರಂಬದ ಹತ್ತಿರ, ಆದ್ರೆ ಹೋಗುವವರಲ್ಲಿ ಹತ್ತರಲ್ಲಿ ಒಬ್ಬನೂ ಇಳಿಯುದಿಲ್ಲ. ಏಳೆಕರೆ ಅಷ್ಟೇ, ಗೋಡೆ ಮುರಿದಿದೆ, ಆದ್ರೆ ಮೇಲಿನಿಂದ ಹೊಳೆ ಸಮುದ್ರ ಸೇರುದು, ಆಚೆ ಕಾಸರಗೋಡಿನ ತೆಂಗು, ಎಲ್ಲ ಒಂದೇ ನೋಟಕ್ಕೆ. ಜನ ಇಲ್ಲ, ಗಲಾಟೆ ಇಲ್ಲ. ನನ್ನನ್ನು ಕೇಳಿದ್ರೆ ಸಂಜೆ ಹೊತ್ತಿಗೆ ಬೇಕಲಕ್ಕಿಂತ ಇದೇ ಒಂದು ಕೈ ಮೇಲೆ.

ಕೆಳಗೆ ಹರಿಯುವ ಈ ಹೊಳೆ ಕೊಡಗಿನಿಂದ ಪಯಸ್ವಿನಿಯಾಗಿ ಬರುವಂಥದ್ದು. ಮೆತ್ತನೆ ಚಿಪ್ಪಿನ ದೈತ್ಯ ಆಮೆ ಇದರಲ್ಲಿ ಉಂಟು, ತುಂಬ ಅಪರೂಪ. 2023ರಲ್ಲಿ ಕಾಸರಗೋಡು ತನ್ನದೇ ಆದ ಜಿಲ್ಲಾ ಪ್ರಾಣಿ, ಪಕ್ಷಿ, ಮರ, ಹೂವು ಘೋಷಿಸಿತು, ದೇಶದಲ್ಲಿ ಹಾಗೆ ಮಾಡಿದ ಮೊದಲ ಜಿಲ್ಲೆ. ಪ್ರಾಣಿ ಅಂತ ಆರಿಸಿದ್ದು ಇದೇ ಆಮೆಯನ್ನು, ಮರ ಕಾಸರಕ, ಪಕ್ಷಿ ಬಿಳಿಹೊಟ್ಟೆಯ ಕಡಲ ಹದ್ದು, ಹೂವು ಪೆರಿಯದ ತೋಡಿನ ನೀರಲ್ಲಿ ಅರಳುವ ಒಂದು ಬಿಳಿ ಲಿಲ್ಲಿ. ಹದ್ದು ಕಾಣ್ಬೇಕಾದ್ರೆ ಕೋಟೆಯ ಮೇಲೆ ಕೂತು ಹೊಳೆಬಾಯಿಯ ಕಡೆ ಕಣ್ಣಿಟ್ಟಿರಿ.

ಬೇಕಲ ದಾರಿಯಲ್ಲಿ ಸಿಕ್ಕೇ ಸಿಗ್ತದೆ, ನೋಡಿಕೊಂಡು ಹೋಗಿ. ಕಾಞಂಗಾಡಿನಲ್ಲಿ ಎರಡು ಆಶ್ರಮ. ನಿತ್ಯಾನಂದಾಶ್ರಮದಲ್ಲಿ ಕೆಂಪುಕಲ್ಲಿನ ಗುಡ್ಡ ಕೊರೆದು ಮಾಡಿದ 45 ಗುಹೆಗಳು. ಮಾವುಂಗಾಲಿನ ಆನಂದಾಶ್ರಮವನ್ನು ಸ್ವಾಮಿ ರಾಮದಾಸರು 1931ರಲ್ಲಿ ಶುರು ಮಾಡಿದ್ದು, ಇಡೀ ದಿನ ರಾಮನಾಮ, ಮೊದಲೇ ಬರೆದು ಒಪ್ಪಿಗೆ ತಗೊಂಡ್ರೆ ಉಳಿಯಲಿಕ್ಕೂ ಆಗ್ತದೆ, ಆದ್ರೆ ಅದನ್ನು ಲಾಡ್ಜ್ ಅಂತ ತಿಳ್ಕೊಳ್ಳಬೇಡಿ, ಅಲ್ಲಿಯ ಶಿಸ್ತಿಗೆ ಹೊಂದಿಕೊಳ್ಳಬೇಕು.

ಮುಂದೆ ನೀಲೇಶ್ವರ. ಕೋಟ್ಟಪ್ಪುರದಿಂದ ಹೌಸ್‌ಬೋಟ್ ಸಿಗ್ತದೆ, ಆಲಪ್ಪುಳದ ಜಾತ್ರೆ ಇಲ್ಲ ಇಲ್ಲಿ. ಆಚೆ ವಲಿಯಪರಂಬ, ಸಮುದ್ರಕ್ಕೂ ಹಿನ್ನೀರಿಗೂ ನಡುವೆ ಸುಮಾರು 24 ಕಿಲೋಮೀಟರ್ ಉದ್ದಕ್ಕೆ ಮಲಗಿರುವ ಮರಳಿನ ದ್ವೀಪ. ಹೌಸ್‌ಬೋಟಿಗೆ ದುಡ್ಡು ಜಾಸ್ತಿ ಅನ್ನಿಸಿದ್ರೆ ಊರವರು ಹೋಗುವ ದೋಣಿ ಹಿಡೀರಿ, ನೀರು ಅದೇ, ನೋಟವೂ ಅದೇ. ಹತ್ತಿರದ ಇಡಯಿಲಕ್ಕಾಡಿನ ನಾಗಬನದಲ್ಲಿ ಮಂಗಗಳ ಹಿಂಡು ಉಂಟು, ಓಣಂ ಸಮಯದಲ್ಲಿ ಮಕ್ಕಳು ಸೇರಿ ಬಾಳೆಎಲೆ ಹಾಕಿ ಅವಕ್ಕೆ ಊಟ ಬಡಿಸ್ತಾರೆ. ಸೀಸನ್ನಲ್ಲಿ ಬಂದವರು ನೀಲೇಶ್ವರದಲ್ಲಿ ವಿಷ್ಣುಮೂರ್ತಿ ತೆಯ್ಯಂ ಎಲ್ಲಿ ಉಂಟು ಅಂತ ವಿಚಾರಿಸಿ. ಅದರ ಕಥೆಗೂ ನಮಗೂ ನಂಟು ಉಂಟು, ಪಾಲಂದಾಯಿ ಕಣ್ಣನ್ ಅನ್ನುವ ಹುಡುಗ ಊರ ಯಜಮಾನನಿಗೆ ಹೆದರಿ ಓಡಿದ್ದು ಮಂಗಳೂರಿಗೆ, ಅಲ್ಲಿಂದ ನರಸಿಂಹನ ಭಕ್ತನಾಗಿ ಹಿಂದೆ ಬಂದವನನ್ನು ಕೊಂದದ್ದಕ್ಕೆ ದೇವರು ಮುನಿದದ್ದು. ತೆಯ್ಯಂ ಅಂದ್ರೆ ಶೋ ಅಲ್ಲ, ಪೂಜೆ. ಫ್ಲ್ಯಾಶ್ ಹಾಕ್ಬೇಡಿ, ಬೆಂಕಿಯ ಹತ್ತಿರ ನುಗ್ಗಬೇಡಿ, ಚಪ್ಪಲಿ ಹೊರಗೆ.

ರಾಣಿಪುರಕ್ಕೆ ಇನ್ನೊಂದು ಬೆಳಿಗ್ಗೆ ಬೇಕು. ಕಾಞಂಗಾಡಿನಿಂದ ಸುಮಾರು 48 ಕಿಲೋಮೀಟರ್, ಪಾಣತ್ತೂರು ರಸ್ತೆಯಲ್ಲಿ. ಅರಣ್ಯ ಇಲಾಖೆಯ ಟಿಕೆಟ್ ತಗೊಂಡು ಕಾಡಿನೊಳಗೆ ನಡೆದು ಮೇಲೆ ಹುಲ್ಲುಗಾವಲಿಗೆ ಬರುದು, ಎರಡೂವರೆ ಕಿಲೋಮೀಟರ್ ಹತ್ತಿರ. ಮಳೆಗಾಲದಲ್ಲಿ ಜಿಗಣೆ ಬಿಡುದಿಲ್ಲ, ಉಪ್ಪು ಅಥವಾ ಸುಣ್ಣ ಇಟ್ಕೊಳ್ಳಿ. ಆನೆ ಬಂದ್ರೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ ಇದ್ರೆ ದಾರಿ ಮುಚ್ಚುತ್ತಾರೆ, ಹೊರಡುವ ಮೊದಲು ವಿಚಾರಿಸಿ. ಮಧ್ಯಾಹ್ನದ ಮೇಲೆ ತಡವಾಗಿ ಹೋದವರನ್ನು ಮೇಲೆ ಬಿಡುದಿಲ್ಲ.

ಹಂತ 7: ತಿನ್ನುದು, ತಗೊಳ್ಳುದು, ಮತ್ತೆ ಒಂದು ಹರತಾಳ

ಬೆಳಿಗ್ಗೆ ನೀರ್‌ದೋಸೆ, ಬನ್ಸ್, ಸಂಜೆ ಗೋಳಿಬಜೆ ನಿಮಗೆ ಗೊತ್ತಿರುವಂಥದ್ದೇ. ಗೊತ್ತಿಲ್ಲದ್ದು ಕಲ್ತಪ್ಪ, ಅಕ್ಕಿಹಿಟ್ಟಿಗೆ ತೆಂಗಿನಕಾಯಿ, ಈರುಳ್ಳಿ ಹಾಕಿ ದಪ್ಪಕ್ಕೆ ಬೇಯಿಸುದು, ಬೇಕರಿಗಳಲ್ಲಿ ಸಿಗ್ತದೆ. ಮೀನು ತಿನ್ನುವವರು ನೀಲೇಶ್ವರ ಕಡೆ ಕಲ್ಲುಮ್ಮಕಾಯಿ (ಕಲ್ಲಿಗೆ ಅಂಟಿಕೊಂಡಿರುವ ಒಂದು ಚಿಪ್ಪುಜೀವಿ) ಕೇಳಿ. ಮಳೆಗಾಲದಲ್ಲಿ ಹವ್ಯಕರ ಮನೆಯಲ್ಲಿ ಯಾರಾದ್ರೂ ಪತ್ರೊಡೆಗೆ ಕರೆದ್ರೆ ಟ್ರೈನ್ ತಪ್ಪಿದ್ರೂ ಪರವಾಗಿಲ್ಲ, ಹೋಗಿ.

ತಗೊಂಡು ಹೋಗಲಿಕ್ಕೆ ಕಾಸರಗೋಡು ಸೀರೆ, ಕೈಮಗ್ಗದ ಹತ್ತಿ ಸೀರೆ, ಜಿಐ ಟ್ಯಾಗ್ ಉಂಟು, ನೇಕಾರರ ಸೊಸೈಟಿ ವಿದ್ಯಾನಗರದ ಕಡೆ. ಮಕ್ಕಳು ಜೊತೆಗಿದ್ರೆ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟದವರ ಪ್ರದರ್ಶನ ಯಾವಾಗ ಅಂತ ವಿಚಾರಿಸಿ, ಬಣ್ಣ, ಕಿರೀಟ, ಕುಣಿತ ಎಲ್ಲ ಸೂತ್ರದ ಬೊಂಬೆಯದ್ದೇ, ಹಿಮ್ಮೇಳ ಮಾತ್ರ ಜೀವಂತ.

ಹೊರಡುವ ಹಿಂದಿನ ರಾತ್ರಿ ನ್ಯೂಸ್ ನೋಡಿ. ಕೇರಳದಲ್ಲಿ ಹರತಾಳ ಅಂತ ಕರೆ ಕೊಟ್ರೆ ಬೆಳಿಗ್ಗೆಯಿಂದ ಸಂಜೆವರೆಗೆ ಅಂಗಡಿ ಇಲ್ಲ, ಬಸ್ ಇಲ್ಲ, ರಿಕ್ಷಾವೂ ಇಲ್ಲ. ರೈಲು ಓಡ್ತದೆ, ಹಾಗಾಗಿ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರದ ಲಾಡ್ಜ್ ಆದ್ರೆ ಅನುಕೂಲ. ಅಂಥ ದಿವಸ ಸಿಕ್ಕಿಬಿದ್ರೆ ಮಂಗಳೂರು ಕಡೆಯ ಲೋಕಲ್ ಹತ್ತಿ ಮಂಜೇಶ್ವರದಲ್ಲಿ ಇಳಿದು, ನಡ್ಕೊಂಡು ಹೋಗುವಷ್ಟು ಹತ್ತಿರದ್ದನ್ನೆಲ್ಲ ಅವತ್ತೇ ಮುಗಿಸಿ, ಬಾಟ್ಲಿ ನೀರು, ಬಿಸ್ಕೆಟು ಮಾತ್ರ ಹಿಂದಿನ ದಿವಸವೇ ತಗೊಂಡಿಟ್ಟಿರಿ.